ಮಾವನ ಈಜುಕೊಳದ ಪಿಎಚ್ ಪ್ರೋಬ್: ಮೂರನೇ ವಾರ

ಹೋದ ಸಲ ಬರೆದಾಗ ಪ್ರೋಬ್ (ನೀರಿನ ಪಿಎಚ್, ಅಂದರೆ ಆಮ್ಲ-ಕ್ಷಾರದ ಮಟ್ಟ ಅಳೆಯುವ ಕಡ್ಡಿ) ಕೂರಿಸಿ ಆಯ್ತು, ಇನ್ನು ಕ್ಯಾಲಿಬ್ರೇಷನ್, ಅಂದರೆ ಅದರ ನಂಬರ್ ಸರಿಹೊಂದಿಸುವುದು, ಒಂದೇ ಬಾಕಿ ಅಂದಿದ್ದೆ. ಆ ಒಂದೇ ಕೆಲಸ ಎರಡು ವಾರ ತಿಂದಿತು. ಇವತ್ತು ನಂಬರ್ ಗಟ್ಟಿಯಾಗಿ ನಿಂತಿದೆ, ನೆನಪು ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ.

ಹೊಸದಾಗಿ ಓದುವವರಿಗೆ ಇಷ್ಟು ಸಾಕು: ಬಳ್ಳಾರಿಯಲ್ಲಿ ಸಿರುಗುಪ್ಪ ರಸ್ತೆ ಕಡೆ ನಮ್ಮ ಸೋದರಮಾವ ಮಕ್ಕಳಿಗೆ ಈಜು ಕಲಿಸುವ ಒಂದು ಸಣ್ಣ ಕೊಳ ನಡೆಸುತ್ತಾರೆ. ಬೋರ್‌ವೆಲ್ ನೀರು. ದಿನಾ ಸಂಜೆ ಬ್ಲೀಚಿಂಗ್ ಪೌಡರ್ ಹಾಕುತ್ತಾರೆ, ಅದರಿಂದ ಪಿಎಚ್ ಮೇಲೇರುತ್ತಲೇ ಇರುತ್ತದೆ. ಇರಬೇಕಾದದ್ದು 7.2ರಿಂದ 7.8ರ ಒಳಗೆ. 8 ದಾಟಿತು ಅಂದರೆ ಹಾಕಿದ ಕ್ಲೋರಿನ್‌ನಲ್ಲಿ ಕ್ರಿಮಿ ಕೊಲ್ಲುವ ರೂಪದಲ್ಲಿ ಉಳಿಯುವುದು ಕಾಲು ಭಾಗಕ್ಕಿಂತ ಕಡಿಮೆ, ದುಡ್ಡು ನೀರಿಗೆ ಹಾಕಿದ ಹಾಗೇ. ಅದಕ್ಕೇ ಈ ಪ್ರೋಬ್, ಇಎಸ್‌ಪಿ32, ಎಡಿಎಸ್1115, ಪಿಎಚ್4502ಸಿ ಬೋರ್ಡ್ ಎಲ್ಲ. ಕೊನೆಯದು ಪ್ರೋಬಿನ ಸಣ್ಣ ಸಿಗ್ನಲನ್ನು ದೊಡ್ಡದು ಮಾಡುತ್ತದೆ, ನಡುವಿನದು ಆ ವೋಲ್ಟನ್ನು ನಂಬರ್ ಮಾಡುತ್ತದೆ, ಮೊದಲನೆಯದು ಕೋಡ್ ಓಡಿಸುವ ಪುಟ್ಟ ಕಂಪ್ಯೂಟರ್.

ಮೊದಲು ಬಫರ್ ವಿಷಯ. ಬಫರ್ ಅಂದರೆ ಪಿಎಚ್ ಎಷ್ಟು ಅಂತ ಮೊದಲೇ ಗೊತ್ತಿರುವ ದ್ರಾವಣ, ಪ್ರೋಬನ್ನು ಅದರಲ್ಲಿ ಅದ್ದಿ ನಂಬರ್ ಹೊಂದಿಸುವುದು. ನಮ್ಮಲ್ಲಿ ಸುಲಭವಾಗಿ ಸಿಗುವ ಪುಡಿ ಪ್ಯಾಕೆಟ್ಟುಗಳು 4.01, 6.86, 9.18. ಒಂದೊಂದನ್ನು 250 ಮಿಲಿಲೀಟರ್ ಡಿಸ್ಟಿಲ್ಡ್ ನೀರಿಗೆ ಕಲಸಬೇಕು. ಆ ನೀರು ಬ್ಯಾಟರಿ ಅಂಗಡಿಯಲ್ಲಿ ಸಿಕ್ಕಿತು. ಇಲ್ಲಿ ಒಂದು ಮಾತು ನೆನಪಿಡಿ. ತುಂಬ ಜನರ ಕೋಡ್‌ನಲ್ಲಿ ನಡುವಿನ ಬಫರ್ 7.00 ಅಂತ ಬರೆದಿರುತ್ತದೆ. ಅದೇ ಕೋಡ್ ಇಟ್ಟುಕೊಂಡು ಪ್ರೋಬನ್ನು 6.86ರಲ್ಲಿ ಅದ್ದಿದರೆ ಶುರುವಿನಲ್ಲೇ 0.14 ತಪ್ಪು.

ಇನ್ನೊಂದು ನಮ್ಮೂರಿನ ಬಿಸಿಲು. ಪ್ಯಾಕೆಟ್ ಮೇಲಿನ ನಂಬರ್ 25 ಡಿಗ್ರಿಗೆ. ಪಂಪ್ ರೂಮಿನಲ್ಲಿ ಮಧ್ಯಾಹ್ನ 39 ಡಿಗ್ರಿ ಇತ್ತು. 9.18ರ ಬಫರ್ ಆ ಬಿಸಿಗೆ ಹೆಚ್ಚುಕಡಿಮೆ 9.07ಕ್ಕೆ ಇಳಿದಿರುತ್ತದೆ. ಪ್ರೋಬ್ ಕೂಡ 25 ಡಿಗ್ರಿಯಲ್ಲಿ ಒಂದು ಪಿಎಚ್‌ಗೆ 59 ಮಿಲಿವೋಲ್ಟ್ ಕೊಟ್ಟರೆ 40ರಲ್ಲಿ 62 ಕೊಡುತ್ತದೆ. ನಾನು ಕಂಡುಕೊಂಡ ದಾರಿ ಸುಲಭದ್ದು: ಬೆಳಿಗ್ಗೆ ಆರಕ್ಕೇ ಹೋಗಿ, ಮುಚ್ಚಿದ ಬಫರ್ ಬಾಟಲಿಗಳನ್ನು ಕೊಳದ ನೀರಿನಲ್ಲೇ ಅರ್ಧ ಗಂಟೆ ಮುಳುಗಿಸಿಡುವುದು. ನೀರು 30 ಡಿಗ್ರಿ ಇತ್ತು, ಬಫರೂ ಅಷ್ಟೇ ಆಯ್ತು. ಕೋಡ್‌ನಲ್ಲಿ 6.86ರ ಬದಲು 6.85 ಹಾಕಿದೆ, 4.01 ಹಾಗೇ ಇಟ್ಟೆ. ವೋಲ್ಟ್ ಲೆಕ್ಕ: 6.85ಕ್ಕೆ 1.527, 4.01ಕ್ಕೆ 2.034. ಒಂದೊಂದರಲ್ಲೂ ನಂಬರ್ ನಿಲ್ಲುವ ತನಕ ಎರಡು ಮೂರು ನಿಮಿಷ ಕಾಯಬೇಕು, ನಡುವೆ ತೊಳೆದು ಟಿಶ್ಯೂವಿನಿಂದ ಒತ್ತಿ ನೀರು ತೆಗೆಯಬೇಕು, ಗಾಜಿನ ಗುಂಡನ್ನು ಉಜ್ಜಬಾರದು. 9.18ರ ಬಫರನ್ನು ಪರೀಕ್ಷೆಗೆ ಮಾತ್ರ ಬಳಸಿದೆ, ಯಾಕೆಂದರೆ ಅದು ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಬೇಗ ಕೆಡುತ್ತದೆ. 30 ಡಿಗ್ರಿಗೆ 9.14 ಬರಬೇಕಿತ್ತು, 9.11 ತೋರಿಸಿತು. ನನಗೆ ಸಾಕು.

ಇಷ್ಟೆಲ್ಲ ಸರಿ ಮಾಡಿ ಪ್ರೋಬನ್ನು ಪೈಪಿಗೆ ಹಾಕಿ ಪಂಪ್ ಶುರು ಮಾಡಿದರೆ 8.1. ನಾನು ನಂಬಿದೆ. ಅಷ್ಟು ಕಾಳಜಿಯಿಂದ ಕ್ಯಾಲಿಬ್ರೇಟ್ ಮಾಡಿದ್ದೇನೆ ಅಲ್ವಾ ಅನ್ನುವ ಧೈರ್ಯ. 7.5 ತೋರಿಸುವ ತನಕ ಎರಡು ದಿನ ಆ್ಯಸಿಡ್ ಹಾಕಿಸಿದೆ. ಮೂರನೇ ದಿನ ಮಾವ ಫೋನ್ ಮಾಡಿದರು: "ಅಳಿಯಾ, ಹುಡುಗ್ರು ಕಣ್ಣು ಉರೀತಾವ ಅಂತಾರ, ಒಂದ್ಸಲ ಬಂದು ನೋಡಪಾ." ಹೋಗಿ ಫೀನಾಲ್ ರೆಡ್ (ಪಿಎಚ್ ನೋಡಿ ಬಣ್ಣ ಬದಲಿಸುವ ದ್ರವ) ಹನಿ ಹಾಕಿ ನೋಡಿದರೆ ನೀರು ಹಳದಿ. ಅಂದರೆ 6.8ರ ಹತ್ತಿರ. ಮಕ್ಕಳ ಕಣ್ಣು ಉರಿದಿದ್ದು ನನ್ನ ನಂಬರ್‌ನಿಂದ. ಆ ದಿನವೇ ಕ್ಲಾಸ್ ನಿಲ್ಲಿಸಿದೆವು. ಹನಿ ಪರೀಕ್ಷೆಯನ್ನು ನಾನು ಮೊದಲ ದಿನವೇ ಮಾಡಬೇಕಿತ್ತು, ಹತ್ತು ಸೆಕೆಂಡಿನ ಕೆಲಸ.

ಆಮೇಲೆ ಒಂದು ಬಕೆಟ್ ಕೊಳದ ನೀರು ತಂದು ಪ್ರೋಬ್ ಅದರಲ್ಲಿ ಇಟ್ಟೆ. 6.9, ಅಲ್ಲಾಡದೆ ನಿಂತಿತು. ಅದೇ ಪ್ರೋಬ್ ಪೈಪಿನಲ್ಲಿ 7.5. ಪಂಪ್ ಆಫ್ ಮಾಡಿದರೆ ಪೈಪಿನಲ್ಲೂ 6.9. ಆನ್ ಮಾಡಿದರೆ ಮತ್ತೆ ಜಿಗಿತ. ಅಡಾಪ್ಟರ್ ಕಿತ್ತು ಪವರ್ ಬ್ಯಾಂಕ್ ಹಾಕಿದೆ, ಪಂಪ್ ಓಡುತ್ತಿದ್ದರೂ 6.9! ಪ್ರೋಬೂ ಸರಿ, ಕ್ಯಾಲಿಬ್ರೇಷನ್ನೂ ಸರಿ. ನೀರಿನಲ್ಲಿ ಕರೆಂಟ್ ಇದೆ, ಅದು ನನ್ನ ಬೋರ್ಡ್ ಮೂಲಕ ಅಡಾಪ್ಟರ್ ಕಡೆ ದಾರಿ ಹುಡುಕುತ್ತಿದೆ.

ಇದು ಹೊಳೆದಾಗ ಕೈ ತಣ್ಣಗಾಯಿತು. ಮೀಟರ್ ಹಿಡಿದು ನೀರಿಗೂ ಅರ್ಥಿಂಗ್‌ಗೂ ನಡುವೆ ನೋಡಿದರೆ 11 ವೋಲ್ಟ್ ಎಸಿ. ತಕ್ಷಣ ಮೇನ್ ಇಳಿಸಿ ಎಲೆಕ್ಟ್ರಿಷಿಯನ್ ಕರೆಸಿದೆವು. ಪಂಪ್ ಮೋಟಾರಿನ ಅರ್ಥ್ ವೈರ್ ತುಕ್ಕು ಹಿಡಿದು ಟರ್ಮಿನಲ್‌ನಿಂದ ಕಳಚಿಕೊಂಡಿತ್ತು, ವೈಂಡಿಂಗ್‌ನಲ್ಲೂ ಸ್ವಲ್ಪ ಲೀಕ್. ಮೋಟಾರ್ ರಿವೈಂಡಿಂಗ್‌ಗೆ ಹೋಯಿತು, ಹೊಸ ಅರ್ಥ್ ಗುಂಡಿ ತೋಡಿಸಿದೆವು, ಕರೆಂಟ್ ಸೋರಿದರೆ ತಕ್ಷಣ ಲೈನ್ ಕಡಿಯುವ 30 ಮಿಲಿಆ್ಯಂಪ್‌ನ ಆರ್‌ಸಿಸಿಬಿ ಹಾಕಿಸಿದೆವು. ಮೊದಲು ಅದು ಇರಲೇ ಇಲ್ಲ. ಕೊಳ ನೋಡಿಕೊಳ್ಳುವ ಯಾರೇ ಇದನ್ನು ಓದುತ್ತಿದ್ದರೂ ದಯವಿಟ್ಟು ಇವತ್ತೇ ನಿಮ್ಮ ಪಂಪಿನ ಅರ್ಥಿಂಗ್ ನೋಡಿಸಿ, ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿ ನೋಡಿ.

ಬೋರ್ಡಿಗೂ ಎರಡು ಬದಲಾವಣೆ: ಪ್ರೋಬ್ ಭಾಗಕ್ಕೆ ಬೇರೆ ಐಸೋಲೇಟೆಡ್ ಪವರ್ (ಅಡಾಪ್ಟರ್ ಜೊತೆ ನೇರ ವೈರ್ ಸಂಪರ್ಕ ಇಲ್ಲದ್ದು), ಬಿ0505ಎಸ್ ಮಾಡ್ಯೂಲ್‌ನಿಂದ. ಡೇಟಾ ವೈರ್‌ಗಳಿಗೆ ಎಡಿಯುಎಂ1250, ಅದೂ ಹಾಗೇ ಬೇರ್ಪಡಿಸುವ ಚಿಪ್. ಈಗ ಪಂಪ್ ಆನ್ ಆಫ್ ಮಾಡಿದರೆ ವ್ಯತ್ಯಾಸ 0.02 ಅಷ್ಟೇ.

ನೀರಿಗೆ ಬೇರೇನೂ ಹಾಕಲಿಲ್ಲ. ಮಕ್ಕಳ ಕಾರಂಜಿಯನ್ನು ಎರಡು ದಿನ ಸುಮ್ನೆ ಓಡಿಸಿದೆವು. ಗಾಳಿ ಬೆರೆತು ನೀರಿನಲ್ಲಿ ಕರಗಿದ ಇಂಗಾಲದ ಡೈಆಕ್ಸೈಡ್ ಹೊರಹೋದರೆ ಪಿಎಚ್ ತಾನೇ ಏರುತ್ತದೆ. ಇವತ್ತು ಬೆಳಿಗ್ಗೆ ಪ್ರೋಬ್ 7.4, ಹನಿ ಪರೀಕ್ಷೆಯೂ 7.4ರ ಕಿತ್ತಳೆ ಬಣ್ಣ. ನಾಳೆಯಿಂದ ಕ್ಲಾಸ್.

ಆ್ಯಸಿಡ್ ಹಾಕುವ ಪಂಪನ್ನು ಸದ್ಯಕ್ಕೆ ಜೋಡಿಸುವುದಿಲ್ಲ. ಒಂದು ತಿಂಗಳು ದಿನಾ ಬೆಳಿಗ್ಗೆ ಪ್ರೋಬ್ ನಂಬರ್ ಪಕ್ಕದಲ್ಲೇ ಹನಿ ಬಣ್ಣವನ್ನೂ ಮಾವ ಪುಸ್ತಕದಲ್ಲಿ ಬರೆಯುತ್ತಾರೆ, ನಾನು ಹದಿನೈದು ದಿನಕ್ಕೊಮ್ಮೆ ಬಫರ್ ಹಿಡಿದು ಹೋಗುತ್ತೇನೆ. ಪ್ರೋಬ್ ಹೊರತೆಗೆದಾಗ ಇಡಲು ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣ ತರಿಸಿದ್ದೇನೆ.