ಬೋರ್ಡಿನ ಮೀನಿಗೆ ಕೊಕ್ಕು ಹಾಕಿದ ಹಕ್ಕಿ

ಮಳೆಗಾಲದ ಎರಡು ತಿಂಗಳು ಟ್ರಾಲರ್‌ಗಳು ಕಡಲಿಗೆ ಇಳಿಯುವುದಿಲ್ಲ. ಕಾರವಾರದ ಬೈತಖೋಲದಲ್ಲಿ ನನಗೆ ಅದೇ ಸುಗ್ಗಿ. ಮಳೆ ಹೊಳವಾದ ಕೂಡಲೇ ಬ್ರಷ್ ಹಿಡಿದು ಬೋಟಿನ ಹೆಸರು, ನಂಬರು ಬರೆಯಬೇಕು. ಹತ್ತೊಂಬತ್ತು ವರ್ಷದಿಂದ ಇದೇ ಕೆಲಸ.

ಅದಕ್ಕೇ ಇರಬೇಕು, 2024ರ ಆಗಸ್ಟ್‌ನಲ್ಲಿ ಹೆಸರು ಮರೆಸಿಕೊಂಡು ಬೀದಿ ಗೋಡೆಗಳಲ್ಲಿ ಚಿತ್ರ ಬಿಡಿಸುವ ಬ್ಯಾಂಕ್ಸಿ ಲಂಡನ್ನಿನಲ್ಲಿ ದಿನಕ್ಕೊಂದರಂತೆ ಬಿಡಿಸಿದ ಒಂಬತ್ತು ಪ್ರಾಣಿಚಿತ್ರಗಳಲ್ಲಿ ನನಗೆ ಪೆಲಿಕನ್ ಹಕ್ಕಿಗಳದ್ದೇ ಹೆಚ್ಚು ಹಿಡಿಸಿತು. ವಾಲ್ತಮ್‌ಸ್ಟೋದಲ್ಲಿ ಕರಿದ ಮೀನು ಮಾರುವ ಅಂಗಡಿ. ಒಂದು ಹಕ್ಕಿ ಬಗ್ಗಿ ಅಂಗಡಿಯ ಬೋರ್ಡಿನ ಮೀನಿಗೇ ಕೊಕ್ಕು ಹಾಕಿದೆ. ಬೋರ್ಡ್ ಬರೆದ ಕೈಯನ್ನೂ ಚಿತ್ರದೊಳಗೆ ಸೇರಿಸಿಕೊಂಡಿದ್ದಾನಲ್ಲ, ಅದು ದೊಡ್ಡತನ. ಪೆಕ್ಹ್ಯಾಮ್‌ನಲ್ಲಿ ಡಿಶ್ ಆಂಟೆನಾ ಮೇಲೆ ಬಿಡಿಸಿದ ತೋಳವನ್ನು ಮಾತ್ರ ಅದೇ ದಿನ ಡಿಶ್ ಸಮೇತ ಹೊತ್ತೊಯ್ದರು.

2025ರ ಸೆಪ್ಟೆಂಬರ್ 8ರಂದು ಅವನ ಚಿತ್ರ ಕಾಣಿಸಿಕೊಂಡದ್ದು ಲಂಡನ್ನಿನ ರಾಯಲ್ ಕೋರ್ಟ್ಸ್ ಆಫ್ ಜಸ್ಟಿಸ್ ಎಂಬ ನ್ಯಾಯಾಲಯದ ಗೋಡೆ ಮೇಲೆ. ವಿಗ್ಗು, ಗೌನು ತೊಟ್ಟ ನ್ಯಾಯಾಧೀಶ ನೆಲಕ್ಕೆ ಬಿದ್ದ ಪ್ರತಿಭಟನಾಕಾರನಿಗೆ ಸುತ್ತಿಗೆ ಎತ್ತಿದ್ದಾನೆ. ಕೆಳಗಿನವನ ಖಾಲಿ ಫಲಕದ ಮೇಲೆ ರಕ್ತ. ಸಂರಕ್ಷಿತ ಕಟ್ಟಡವೆಂದು ಮೊದಲು ಮುಚ್ಚಿದರು, ಎರಡು ದಿನಕ್ಕೆ ಉಜ್ಜಿ ತೆಗೆದರು. ಆದರೂ ಕಲ್ಲಿನ ಮೇಲೆ ಆ ಇಬ್ಬರ ಮಸುಕು ನೆರಳು ಉಳಿಯಿತು. ಫೋಟೊ ನೋಡಿ ನನ್ನ ಕೈ ನಿಂತೇಹೋಯಿತು.

ನಾನು ಒಂದು ಕಂಪೌಂಡ್ ಗೋಡೆಗೆ ಬಂಗಡೆ ಹಿಂಡು ಬಿಡಿಸಿದ್ದೆ. ಕೇಳಿಯೇ ಬಿಡಿಸಿದ್ದು. ಮರುವರ್ಷ ಒಂದು ಮಾತೂ ಹೇಳದೆ ಸುಣ್ಣ ಬಳಿದರು. ಆ ನೋವು ಇನ್ನೂ ಇದೆ. ಜೋರು ಮಳೆಗೆ ಗೋಡೆ ನೆನೆದರೆ ಸುಣ್ಣದಡಿಯ ನೀಲಿ ಈಗಲೂ ಕಾಣುತ್ತದೆ. ಅಂಥ ದಿನ ಸೈಕಲ್ ಆ ದಾರಿಗೇ ತಿರುಗಿಸುತ್ತೇನೆ.