ಅಪ್ಪನ ಗಾಡಿಯ ಐಡ್ಲಿಂಗ್ ಇಳಿಯದಿದ್ದಾಗ

ಅಪ್ಪನ ಯಮಹಾ ಆರ್‌ಎಕ್ಸ್ 100 ಬೈಕ್ ನನ್ನ ಕೈಗೆ ಬಂದ ಮೇಲೆ ನಾನು ಅತಿ ಹೆಚ್ಚು ತಲೆ ಕೆಡಿಸಿಕೊಂಡಿದ್ದು ಇದಕ್ಕೇ. ತಣ್ಣಗಿದ್ದಾಗ ಸರಿಯಾಗಿ ಸ್ಟಾರ್ಟ್ ಆಗುತ್ತಿತ್ತು. ನಾಲ್ಕೈದು ಕಿಲೋಮೀಟರ್ ಓಡಿ ಬಿಸಿಯಾಯಿತೆಂದರೆ ಸಿಗ್ನಲ್‌ನಲ್ಲಿ ಆಕ್ಸಿಲರೇಟರ್ ಬಿಟ್ಟರೂ ಇಂಜಿನ್ ಕೂಗುತ್ತಲೇ ಇರುತ್ತಿತ್ತು.

ಮೊದಲು ಐಡ್ಲಿಂಗ್, ಅಂದರೆ ಆಕ್ಸಿಲರೇಟರ್ ಬಿಟ್ಟಾಗಿನ ಇಂಜಿನ್ ವೇಗ, ಹೆಚ್ಚು-ಕಡಿಮೆ ಮಾಡುವ ಸ್ಲೋ ಸ್ಕ್ರೂ ಬಿಚ್ಚಿದೆ. ಪೂರ್ತಿ ಹೊರಗೆ ತಿರುಗಿಸಿದರೂ ಸದ್ದು ಇಳಿಯಲಿಲ್ಲ. ಆಗಲೇ ಗಾಳಿ ಬೇರೆಲ್ಲಿಂದಲೋ ನುಗ್ಗುತ್ತಿದೆಯೇ ಎಂಬ ಅನುಮಾನ ಬಂತು. ಹ್ಯಾಂಡಲ್ ಎಡಕ್ಕೂ ಬಲಕ್ಕೂ ತಿರುಗಿಸಿ ನೋಡಿದೆ, ವ್ಯತ್ಯಾಸವಿಲ್ಲ. ಅಂದರೆ ಆಕ್ಸಿಲರೇಟರ್ ಕೇಬಲ್ ಎಳೆಯುತ್ತಿಲ್ಲ. ಪೆಟ್ರೋಲ್‌ಗೆ ಗಾಳಿ ಬೆರೆಸುವ ಕಾರ್ಬುರೇಟರ್ ಬಿಚ್ಚಿದರೆ, ಒಳಗೆ ಗಾಳಿಯ ದಾರಿ ತೆರೆದು ಮುಚ್ಚುವ ಸ್ಲೈಡ್ ಕೂಡ ಸಲೀಸಾಗಿ ಕೆಳಗಿಳಿಯುತ್ತಿತ್ತು.

ಎಲ್ಲ ಮತ್ತೆ ಜೋಡಿಸಿ, ಗಾಡಿ ಸ್ಟಾರ್ಟ್ ಮಾಡಿ, ಕಾರ್ಬುರೇಟರ್‌ಗೂ ಇಂಜಿನ್‌ಗೂ ನಡುವಿನ ರಬ್ಬರ್ ಮೇಲೆ ಸ್ವಲ್ಪ ಸೋಪಿನ ನೀರು ಸಿಂಪಡಿಸಿದೆ. ಸದ್ದು ಥಟ್ಟನೆ ಇಳಿಯಿತು! ನೀರು ಬಿರುಕನ್ನು ಮುಚ್ಚಿದಷ್ಟು ಹೊತ್ತು ಮಾತ್ರ. ಬಿಚ್ಚಿ ಬೆರಳಲ್ಲಿ ಬಗ್ಗಿಸಿದಾಗ ಕೆಳಭಾಗದಲ್ಲಿ ಕೂದಲೆಳೆಯಷ್ಟು ಸೀಳು ಬಾಯಿ ಬಿಟ್ಟಿತು. ಸುಮ್ನೆ ನೋಡಿದರೆ ಕಾಣುತ್ತಲೇ ಇರಲಿಲ್ಲ. ಮೂವತ್ತು ವರ್ಷದ ರಬ್ಬರ್ ಅಲ್ವಾ, ಗಟ್ಟಿಯಾಗಿ ಹೋಗಿತ್ತು.

ಇದನ್ನು ದಯವಿಟ್ಟು ಹಾಗೇ ಬಿಡಬೇಡಿ. ಸೀಳಿನಿಂದ ಗಾಳಿ ಜಾಸ್ತಿ ಹೋದರೆ ಪೆಟ್ರೋಲ್ ಪಾಲು ಕಡಿಮೆಯಾಗುತ್ತದೆ, ಇಂಜಿನ್ ವಿಪರೀತ ಬಿಸಿಯಾಗುತ್ತದೆ. ಇಂಥ ಟೂ ಸ್ಟ್ರೋಕ್ ಇಂಜಿನ್‌ನಲ್ಲಿ ಪಿಸ್ಟನ್ ಜಾಮ್ ಆಗಲು ಅಷ್ಟು ಸಾಕು. ರಬ್ಬರ್ ಸರಿಯಿದ್ದರೆ ಮ್ಯಾಗ್ನೆಟ್ ಕಡೆಯ ಕ್ರ್ಯಾಂಕ್ ಸೀಲ್ (ಇಂಜಿನ್‌ನೊಳಗೆ ತಿರುಗುವ ಶಾಫ್ಟ್‌ನ ಸುತ್ತ ಗಾಳಿ ನುಗ್ಗದಂತೆ ತಡೆಯುವ ಬಳೆ) ನೋಡಿಸಿ. ಅಲ್ಲಿಂದಲೂ ಗಾಳಿ ಎಳೆಯುತ್ತದೆ.

ಹೊಸ ರಬ್ಬರ್, ಹೊಸ ಗ್ಯಾಸ್ಕೆಟ್ ಹಾಕಿ ಸ್ಕ್ರೂ ಮತ್ತೆ ಸೆಟ್ ಮಾಡಿದೆ. ಸಂಜೆ ಗೇಟಿನ ಹತ್ತಿರ ಗಾಡಿ ನಿಲ್ಲಿಸಿದಾಗ ಅಪ್ಪ ಒಳಗಿನಿಂದಲೇ ಕೇಳಿದರು, "ಸರಿ ಹೋಯ್ತೇನೋ?"