ನೀರು ನಿಲ್ಲಬೇಕಾದ ಕಾಂಕ್ರೀಟಿನಲ್ಲಿ ಜಾಯಿಂಟುಗಳು

ನೀರಿನ ಟ್ಯಾಂಕು ಸೋರುತ್ತಿದೆ ಎಂದು ಯಾರಾದರೂ ಕರೆದಾಗ ನಾನು ಮೊದಲು ವಿಚಾರಿಸುವುದು ಕಾಂಕ್ರೀಟಿನ ಮಿಶ್ರಣವನ್ನಲ್ಲ, ಕೆಲಸವನ್ನು ಎಲ್ಲೆಲ್ಲಿ ನಿಲ್ಲಿಸಿ ಮತ್ತೆ ಮುಂದುವರಿಸಿದರು ಎಂಬುದನ್ನು. ಚೆನ್ನಾಗಿ ವೈಬ್ರೇಟ್ ಮಾಡಿದ, ಅಂದರೆ ಯಂತ್ರದಿಂದ ಅದುರಿಸಿ ಗಾಳಿ ಹೊರಡಿಸಿದ, ಕಾಂಕ್ರೀಟಿನ ಮೈಯಿಂದ ನೀರು ಹೊರಬರುವುದು ಅಪರೂಪ. ಅದು ದಾರಿ ಹುಡುಕುವುದು ಬಿರುಕುಗಳಲ್ಲಿ ಮತ್ತು ಜಾಯಿಂಟುಗಳಲ್ಲಿ.

ಎರಡು ಬಗೆಯ ಜಾಯಿಂಟುಗಳನ್ನು ಒಂದೇ ಎಂದು ತಿಳಿಯುವುದರಿಂದಲೇ ಅರ್ಧ ತೊಂದರೆ ಶುರುವಾಗುತ್ತದೆ. ಕನ್‌ಸ್ಟ್ರಕ್ಷನ್ ಜಾಯಿಂಟ್ ಇರುವುದು ಕೆಲಸದ ಅನುಕೂಲಕ್ಕೆ. ಅಲ್ಲಿ ಸರಳುಗಳು ಕಡಿಯದೆ ಮುಂದುವರಿಯುತ್ತವೆ, ಹಳೆಯ ಮತ್ತು ಹೊಸ ಕಾಂಕ್ರೀಟು ಒಂದಾಗಿ ಬೆಸೆದುಕೊಳ್ಳಬೇಕು. ಮೂವ್‌ಮೆಂಟ್ ಜಾಯಿಂಟಿನಲ್ಲಿ ಇದಕ್ಕೆ ತದ್ವಿರುದ್ಧವಾಗಿ ಎರಡು ಭಾಗಗಳು ಅಲುಗಾಡಲೆಂದೇ ಬಿಡಬೇಕು. ಕುಗ್ಗುವಿಕೆಗೆಂದು ಮಾಡಿದ್ದರಲ್ಲಿ ಆರಂಭದಲ್ಲಿ ಅಂತರವಿರುವುದಿಲ್ಲ, ಸರಳುಗಳನ್ನು ಪೂರ್ತಿಯಾಗಿಯೋ ಭಾಗಶಃವೋ ನಿಲ್ಲಿಸಿರುತ್ತಾರೆ. ಹಿಗ್ಗುವಿಕೆಗೆಂದು ಮಾಡಿದ್ದರಲ್ಲಿ ಅಂತರ ಬಿಟ್ಟು, ಒತ್ತಿದರೆ ಕುಗ್ಗುವ ಹಲಗೆಯನ್ನು ತುಂಬುತ್ತಾರೆ.

ಗೋಡೆ ಯಾಕೆ ಕುಗ್ಗುತ್ತದೆ? ಸಿಮೆಂಟು ಗಟ್ಟಿಯಾಗುವಾಗ ಶಾಖ ಹೊರಡುತ್ತದೆ, ಬಿಸಿಯಾಗಿದ್ದಾಗಲೇ ಗೋಡೆ ಗಟ್ಟಿಯಾಗುತ್ತದೆ, ಆಮೇಲೆ ತಣಿಯುತ್ತದೆ. ಕಾಂಕ್ರೀಟು ಒಂದು ಡಿಗ್ರಿ ಸೆಲ್ಸಿಯಸ್‌ಗೆ ಮೀಟರಿಗೆ ಸುಮಾರು 0.01 ಮಿ.ಮೀ. ಕುಗ್ಗುವುದರಿಂದ, 30 ಮೀಟರ್ ಉದ್ದದ ಗೋಡೆ 20 ಡಿಗ್ರಿ ತಣಿದರೆ 6 ಮಿ.ಮೀ. ಕುಗ್ಗಬೇಕು. ಆದರೆ ಮೊದಲೇ ಗಟ್ಟಿಯಾಗಿರುವ ತಳಹದಿ ಅದನ್ನು ಹಿಡಿದುಕೊಂಡಿರುತ್ತದೆ. ಆದ್ದರಿಂದ ಬುಡದ ಹತ್ತಿರದಿಂದ ಮೇಲಕ್ಕೆ ನೆಟ್ಟನೆಯ ಬಿರುಕುಗಳು ಏಳುತ್ತವೆ. ಇದಕ್ಕೆ ಜಾಯಿಂಟುಗಳನ್ನು ಹತ್ತಿರ ಹತ್ತಿರ ಇಡಬಹುದು, ಇಲ್ಲವೇ ತೆಳು ಸರಳುಗಳನ್ನು ಒತ್ತಾಗಿ ಕಟ್ಟಿ ಬಿರುಕನ್ನು 0.2 ಮಿ.ಮೀ. ಒಳಗೆ ಹಿಡಿದಿಡಬಹುದು. ಅಷ್ಟು ಸಣ್ಣ ಬಿರುಕಿನಲ್ಲಿ ನೀರು ನಿಧಾನವಾಗಿ ಜಿನುಗುವಾಗ ಸುಣ್ಣದಂಶ ಕೂತು ಅದು ಅನೇಕ ಸಲ ತಾನಾಗಿ ಮುಚ್ಚಿಕೊಳ್ಳುತ್ತದೆ. ನನ್ನ ಒಲವು ಎರಡನೆಯದರ ಕಡೆಗೆ, ಯಾಕೆಂದರೆ ಮೂವ್‌ಮೆಂಟ್ ಜಾಯಿಂಟಿನ ಸೀಲೆಂಟು, ಅಂದರೆ ಸಂದಿಯನ್ನು ಮುಚ್ಚುವ ಹಿಗ್ಗಬಲ್ಲ ಅಂಟು, ಕಾಂಕ್ರೀಟಿನಷ್ಟು ಕಾಲ ಬಾಳುವುದಿಲ್ಲ, ಅದನ್ನು ಬದಲಿಸುವಾಗಲೆಲ್ಲ ಟ್ಯಾಂಕನ್ನು ಖಾಲಿ ಮಾಡಬೇಕು.

ಕನ್‌ಸ್ಟ್ರಕ್ಷನ್ ಜಾಯಿಂಟಿನಲ್ಲಿ ಮೇಲೆ ಕಟ್ಟಿದ ಸಿಮೆಂಟ್ ಹಾಲಿನ ಪದರವನ್ನು ಜಲ್ಲಿ ಕಾಣುವವರೆಗೆ ತೆಗೆದು, ತೊಳೆದು, ಆಮೇಲೆ ಹೊಸ ಕಾಂಕ್ರೀಟು ಸುರಿಯಬೇಕು. ಇಷ್ಟನ್ನು ಶ್ರದ್ಧೆಯಿಂದ ಮಾಡಿದರೆ ಸೋರಿಕೆಯ ಬಹುಪಾಲು ಅಲ್ಲಿಯೇ ನಿಲ್ಲುತ್ತದೆ.

ವಾಟರ್‌ಸ್ಟಾಪಿನ ಕಥೆ ಬೇರೆ. ಜಾಯಿಂಟಿನಲ್ಲಿ ನೀರು ದಾಟದಂತೆ ತಡೆಯುವ, ಪಿವಿಸಿ ಅಥವಾ ರಬ್ಬರಿನ ಆ ಪಟ್ಟಿಯ ಅರ್ಧಭಾಗ ಮೊದಲ ಸುರಿತದಲ್ಲಿ, ಉಳಿದರ್ಧ ಮುಂದಿನದರಲ್ಲಿ ಹೂತಿರಬೇಕು. ಹಿಗ್ಗುವ ಜಾಯಿಂಟಿಗೆ ನಡುವೆ ಟೊಳ್ಳು ಗುಂಡು ಇರುವ ಪಟ್ಟಿಯೇ ಬೇಕು. ಒಮ್ಮೆ ಸೋರುವ ಗೋಡೆಯನ್ನು ಒಡೆಸಿ ನೋಡಿದಾಗ, ಸರಳಿಗೆ ಕಟ್ಟದೆ ಬಿಟ್ಟಿದ್ದ ಪಟ್ಟಿ ಕಾಂಕ್ರೀಟಿನ ಭಾರಕ್ಕೆ ಮಡಚಿಕೊಂಡು ಒಂದು ಮಗ್ಗುಲಿಗೆ ಒರಗಿತ್ತು, ಅದರ ಹಿಂದೆ ಬರೀ ಜಲ್ಲಿಯ ಪೊಳ್ಳು. ಆ ದೃಶ್ಯ ನನ್ನ ಮನಸ್ಸಿನಿಂದ ಹೋಗಿಲ್ಲ. ತಳದ ಸ್ಲ್ಯಾಬಿನಲ್ಲಿ ಪಟ್ಟಿ ಅಡ್ಡಲಾಗಿ ಮಲಗಿರುವುದರಿಂದ ಅದರ ಕೆಳಗೆ ಗಾಳಿ ಸಿಕ್ಕಿಹಾಕಿಕೊಳ್ಳುತ್ತದೆ. ಅಂಚನ್ನು ಎತ್ತಿಹಿಡಿದು ಕೆಳಗೆ ಮೊದಲು ತುಂಬಿ, ಅದು ವೈಬ್ರೇಟರಿನಿಂದ ಪೊಳ್ಳಿಲ್ಲದೆ ದಟ್ಟವಾಗಿ ಕೂತ ಮೇಲೆಯೇ ಮೇಲ್ಭಾಗವನ್ನು ತುಂಬಬೇಕು. ಪಿವಿಸಿ ಪಟ್ಟಿಗಳನ್ನು ಒಂದರ ಮೇಲೊಂದು ಇಟ್ಟು ಸುಮ್ಮನಾಗುವಂತಿಲ್ಲ, ತುದಿಗಳನ್ನು ಕಾಯಿಸಿ ಬೆಸೆಯಬೇಕು. ಮೊಳೆ ಹೊಡೆಯುವಂತಿಲ್ಲ.

ಸೀಲೆಂಟನ್ನು ನೀರಿರುವ ಮುಖದಲ್ಲಿ ಹಚ್ಚುವುದು ಒಳ್ಳೆಯದು, ಆಗ ನೀರಿನ ಒತ್ತಡವೇ ಅದನ್ನು ಸಂದಿಗೆ ಒತ್ತುತ್ತದೆ. ಅದು ಎರಡು ಪಕ್ಕಗಳಿಗೆ ಮಾತ್ರ ಅಂಟಬೇಕು. ತಳಕ್ಕೂ ಅಂಟಿದರೆ ಹಿಗ್ಗಲಾರದೆ ಸೀಳುತ್ತದೆ. ನೆಲದೊಳಗಿನ ಟ್ಯಾಂಕು ಖಾಲಿಯಾದಾಗ ಅಂತರ್ಜಲ ಹೊರಗಿನಿಂದ ಒತ್ತಿ ಅದೇ ಸೀಲೆಂಟನ್ನು ಒಳಕ್ಕೆ ತಳ್ಳಬಲ್ಲದು, ಹಾಗಾಗಿ ಅಂಥ ಕಡೆ ಜಾಯಿಂಟನ್ನು ಎರಡೂ ದಿಕ್ಕಿನ ಒತ್ತಡಕ್ಕೆ ಯೋಜಿಸಬೇಕು.